ಕೆಂಡದ ಕಾವು, ಕಾಣದ ವಿಷ

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೂದಿಕೋಟೆ, ಬಂಗಾರಪೇಟೆ ಕಡೆ ರಾತ್ರಿಯ ಚಳಿ ಜೋರು. ಎಳೆಯ ರೇಷ್ಮೆ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಕಾವು ಬೇಕಾದ್ದರಿಂದ ಹುಳು ಸಾಕುವ ಮನೆಯಲ್ಲಿ ಇದ್ದಿಲ ಕೆಂಡ ಇಡುವುದುಂಟು. ಆದರೆ ಕೆಂಡವಿಟ್ಟ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೇ ಅಪಾಯ. ಬಾಣಂತಿಯ ಕೋಣೆಗೂ ಈ ಮಾತು ಅನ್ವಯಿಸುತ್ತದೆ.

ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಇದರಿಂದ ಮಿದುಳು, ಹೃದಯಗಳಿಗೆ ಆಮ್ಲಜನಕ ಸಾಲದಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ನಿದ್ರೆಯಲ್ಲಿದ್ದವರಿಗೆ ಇವು ತಿಳಿಯುವುದೇ ಇಲ್ಲ. ‘ಹೊಗೆಯಿಲ್ಲವಲ್ಲ’ ಎಂದು ಧೈರ್ಯ ತಾಳಬೇಡಿ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಇದೇ ವಿಷ ಕಾರಬಲ್ಲದು. ಅದನ್ನು ಹೊರಗೋಡೆಗೆ ಹಾಕಿಸಿ.

ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿದ್ದರೆ ಬಾಗಿಲು, ಕಿಟಕಿ ತೆರೆದು ಕೂಡಲೇ ಹೊರಗೆ ಸಾಗಿಸಿ. ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಕರೆ ಮಾಡಿ, ಕೆಂಡ ಇಟ್ಟಿದ್ದ ವಿಷಯ ತಿಳಿಸಿ. ಆಮ್ಲಜನಕ ಕೊಡುವುದೇ ಮುಖ್ಯ ಚಿಕಿತ್ಸೆ.

ಬೆಳಗಿನ ಜಾವ ಡೈರಿಗೆ ಹಾಲು ಒಯ್ಯುವವರಿಗೆ ರಸ್ತೆಯ ಮಂಜಿನದೇ ಭಯ. ಗಾಡಿಯ ದೀಪ ಡಿಮ್ ಮಾಡಿ, ನಿಧಾನವಾಗಿ ಓಡಿಸಿ. ನಡೆಯುವವರು ಎದ್ದು ಕಾಣುವ ಬಣ್ಣದ ಬಟ್ಟೆ ಹೊದ್ದು, ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ.

ರಾತ್ರಿ ಹುಳು ಕಾಯುವವರು ಬೇರೆ ಕೋಣೆಯಲ್ಲಿ ಮಲಗಲಿ. ಮೈ ಬೆಚ್ಚಗಿರಲು ಕಂಬಳಿಯೇ ಸಾಕು.