ಕಿಲ್ಲಾರಿ ಕಂಡವರು, ಕೊರೊನಾ ಕಂಡವರು

2020ರಲ್ಲಿ ಎಂಬತ್ತೈದು ತುಂಬಿದ್ದ ಮಹಾರಾಷ್ಟ್ರ ಗಡಿಯ ನಿಲಂಗಾ ಇಲ್ಲವೇ ಉದ್ಗೀರ ತಾಲ್ಲೂಕಿನ ಯಾವುದೇ ಮುತ್ಯಾನ ಆಯುಷ್ಯವನ್ನು ಲೆಕ್ಕ ಹಾಕಿ ನೋಡಿ. ಅವರು ಹುಟ್ಟಿದಾಗ ಊರು ನಿಜಾಮನ ಬೀದರ ಜಿಲ್ಲೆಯಲ್ಲಿತ್ತು. ರಜಾಕಾರರ ಹಾವಳಿ, 1948ರ ಪೊಲೀಸ್ ಕಾರ್ಯಾಚರಣೆ ನಡೆದಾಗ ಅವರಿಗೆ ಹದಿಮೂರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರಿನಿಂದ ಬೇರೆಯಾಗಿ ಮುಂಬಯಿ ರಾಜ್ಯದ ಪ್ರಜೆಯಾದರು. 1972ರ ಭೀಕರ ಬರದಲ್ಲಿ ಸರಕಾರದ ಕಾಮಗಾರಿಗಳಲ್ಲಿ ಖಡಿ ಒಡೆದು ಹೊಟ್ಟೆ ಹೊರೆದ ತಲೆಮಾರು ಅವರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಊರು ಮಲಗಿದ್ದಾಗ ಕಿಲ್ಲಾರಿಯಲ್ಲಿ ನೆಲ ನಡುಗಿತು. ಔಸಾ ಮತ್ತು ಉಮರ್ಗಾ ತಾಲ್ಲೂಕುಗಳ ಹಳ್ಳಿಗಳು ನೆಲಸಮವಾದವು, ಸತ್ತವರು ಹತ್ತು ಸಾವಿರದ ಆಸುಪಾಸು. 2016ರ ಬೇಸಿಗೆಯಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನೂ ಅವರು ಕಂಡರು. ಇಷ್ಟೆಲ್ಲ ಆದ ಮೇಲೆ ಬಂದದ್ದು ಕೊರೊನಾ.

ಅದೇ ಮನೆಯಲ್ಲಿ ಹದಿನೆಂಟರ ಮೊಮ್ಮಗಳೊಬ್ಬಳು ಇದ್ದಿರಬಹುದು. ‘ಲಾತೂರ ಪ್ಯಾಟರ್ನ್’ ಕೋಚಿಂಗ್ ಮುಗಿಸಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಕಾಯುತ್ತಿದ್ದವಳು. ಆ ವರ್ಷ ಪರೀಕ್ಷೆ ಮೇ 3ರಿಂದ ಜುಲೈ 26ಕ್ಕೆ, ಅಲ್ಲಿಂದ ಸೆಪ್ಟೆಂಬರ್ 13ಕ್ಕೆ ಸರಿಯಿತು.

ಇವರಿಬ್ಬರಲ್ಲಿ ಹೆಚ್ಚು ನಲುಗಿದ್ದು ಯಾರ ಮನಸ್ಸು? ಆಗ ಎಲ್ಲರೂ ಮುತ್ಯಾನನ್ನೇ ತೋರಿಸುತ್ತಿದ್ದರು. ದೇಶದ ಮೊದಲ ಕೋವಿಡ್ ಸಾವು ಗಡಿಯಾಚೆಯ ಕಲಬುರಗಿಯ 76 ವರ್ಷದ ಹಿರಿಯರದು. ಏಪ್ರಿಲ್ ಮೊದಲ ವಾರದಲ್ಲಿ ಸೋಂಕು ನಿಲಂಗಾಕ್ಕೂ ಬಂತು. ವಯಸ್ಸಾದಷ್ಟೂ ಅಪಾಯ ಹೆಚ್ಚು ಎಂದು ಟಿವಿ ಹಗಲಿರುಳು ಹೇಳುತ್ತಿತ್ತು. ಸಾವಿಗೆ ಹತ್ತಿರವಿರುವವರಿಗೆ ಭಯವೂ ಹೆಚ್ಚಿರಬೇಕು ಎಂದು ಅಂದುಕೊಳ್ಳುವುದು ಸಹಜವೇ.

ಅಳೆದು ನೋಡಿದಾಗ ಸಿಕ್ಕ ಉತ್ತರ ಬೇರೆ. ಅಮೆರಿಕದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ಮತ್ತು ಸಂಗಡಿಗರು 2020ರ ಏಪ್ರಿಲ್‌ನಲ್ಲಿ 18ರಿಂದ 76 ವರ್ಷದ 945 ಮಂದಿಯನ್ನು, ಕಳೆದ ವಾರ ಯಾವ ಭಾವನೆ ಎಷ್ಟು ಸಲ, ಎಷ್ಟು ತೀವ್ರವಾಗಿ ಬಂತೆಂದು ಕೇಳಿದರು. ವಯಸ್ಸು ಏರಿದಂತೆ ಸಿಟ್ಟು, ಆತಂಕ, ಬೇಸರ ಕಡಿಮೆ, ನೆಮ್ಮದಿ ಹೆಚ್ಚು. ಸೋಂಕಿನ ಅಪಾಯ ತಮಗೆ ಎಷ್ಟಿದೆ ಎಂಬ ಅವರವರ ಅಂದಾಜನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಫಲಿತಾಂಶ ಬದಲಾಗಲಿಲ್ಲ. ಅಮೆರಿಕ ಮತ್ತು ಕೆನಡಾದ 776 ಮಂದಿ ಒಂದು ವಾರ ಪ್ರತಿದಿನ ತಮ್ಮ ಅನುಭವ ದಾಖಲಿಸಿದ ಇನ್ನೊಂದು ಅಧ್ಯಯನದಲ್ಲೂ ಹಿರಿಯರೇ ಹೆಚ್ಚು ನೆಮ್ಮದಿಯಿಂದಿದ್ದರು. ದಿನದಲ್ಲಿ ನಡೆದ ಒಳ್ಳೆಯ ಸಂಗತಿಗಳೂ ಅವರ ಪಾಲಿಗೇ ಹೆಚ್ಚು. ಜಗತ್ತಿನ ಅಂಕಿಅಂಶ ಕೂಡಿಸಿ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೊದಲ ವರ್ಷದಲ್ಲೇ ಸುಮಾರು 5.3 ಕೋಟಿ ಹೆಚ್ಚುವರಿ ಖಿನ್ನತೆಯ ಪ್ರಕರಣಗಳು ಸೇರಿಕೊಂಡವು. ಹೆಚ್ಚು ಪೆಟ್ಟು ತಿಂದವರು ಹೆಂಗಸರು ಮತ್ತು ಎಳೆಯರು.

ಇದಕ್ಕೆ ಕಾರ್ಸ್ಟೆನ್ಸನ್ ಕೊಡುವ ಕಾರಣ ಸರಳ, ಆದರೆ ಆಳವಾದದ್ದು. ಮುಂದೆ ಬಹಳ ಕಾಲವಿದೆ ಎನ್ನಿಸಿದಾಗ ಮನುಷ್ಯ ನಾಳೆಗಾಗಿ ಕೂಡಿಡುತ್ತಾನೆ: ಓದು, ನೌಕರಿ, ಹೊಸ ಪರಿಚಯ. ಉಳಿದ ಕಾಲ ಕಡಿಮೆ ಎಂಬ ಅರಿವು ಮೂಡಿದಾಗ ಇವತ್ತಿನ ಸಮಾಧಾನಕ್ಕೆ, ಹತ್ತಿರದ ನಾಲ್ಕು ಜನರಿಗೆ ಬೆಲೆ ಕೊಡುತ್ತಾನೆ. ಮೊಮ್ಮಗಳಿಂದ ಕೊರೊನಾ ಕಿತ್ತುಕೊಂಡದ್ದು ಅವಳ ನಾಳೆಯನ್ನು. ಮುತ್ಯಾ ಮನಸ್ಸಿಟ್ಟದ್ದು ಆಗಲೇ ಇವತ್ತಿನ ಮೇಲೆ. ನನಗಂತೂ, ಎರಡು ಸಲ ದಿನಾಂಕ ಬದಲಾದ ಪರೀಕ್ಷೆಗೆ ಓದುತ್ತಾ ಕೂರುವುದು ಸಣ್ಣ ಹಿಂಸೆಯಾಗಿ ಕಾಣುವುದಿಲ್ಲ. ದಿಕ್ಕು ತೋಚದ ಕಾಯುವಿಕೆ ಮೈಯೊಳಗಿನ ಒತ್ತಡದ ವ್ಯವಸ್ಥೆಯನ್ನು ದಿನವಿಡೀ ಚಾಲೂ ಇಡುತ್ತದೆ.

ಹಾಗೆಂದು ‘ಮುದುಕರು ಗಟ್ಟಿ’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಇದೇ ಕ್ಷೇತ್ರದ ಸೂಸನ್ ಚಾರ್ಲ್ಸ್ 2010ರಲ್ಲಿ ಮಂಡಿಸಿದ ವಾದ ನಮ್ಮ ಕಡೆಗೆ ಇನ್ನೂ ಹೆಚ್ಚು ಒಪ್ಪುತ್ತದೆ. ಹಿರಿಯರ ಬಲವಿರುವುದು ತಂಟೆಯಿಂದ ದೂರ ಸರಿಯುವ, ಬೇಡದ ಮಾತನ್ನು ಅಲ್ಲಿಗೇ ಬಿಡುವ ಜಾಣ್ಮೆಯಲ್ಲಿ. ತಪ್ಪಿಸಿಕೊಳ್ಳಲಾಗದ ಕಷ್ಟ ದೀರ್ಘಕಾಲ ಕೂತರೆ ಲೆಕ್ಕ ತಿರುಗುಮುರುಗಾಗುತ್ತದೆ. ಏರಿದ ರಕ್ತದೊತ್ತಡ, ಹೆಚ್ಚಿದ ಎದೆಬಡಿತ ಹಳೆಯ ದೇಹದಲ್ಲಿ ಬೇಗ ಇಳಿಯುವುದಿಲ್ಲ.

ಇಲ್ಲೇ ಮರಾಠವಾಡದ ಗಡಿ ಅಮೆರಿಕದಿಂದ ಬೇರೆಯಾಗುತ್ತದೆ. ಭಾರತದಲ್ಲಿ ಖಿನ್ನತೆ ವಯಸ್ಸಿನೊಂದಿಗೆ ಇಳಿಯುವುದಿಲ್ಲ, ಏರುತ್ತದೆ ಎಂಬುದು ಕೊರೊನಾಕ್ಕೆ ಮೊದಲೇ ಗೊತ್ತಿತ್ತು. 2017–18ರಲ್ಲಿ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿದ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನದಲ್ಲಿ ವಿಧವೆಯರು, ಬಡವರು, ಹಳ್ಳಿಗರು ಹೆಚ್ಚು ಕುಗ್ಗಿದ್ದರು. ಶ್ರಾವಣ ಬಾಳ್ ವೃದ್ಧಾಪ್ಯ ಪಿಂಚಣಿಗೆ ಬ್ಯಾಂಕಿನ ಮುಂದೆ ಸಾಲು ನಿಲ್ಲಬೇಕಾದ ಆಯಿಗೆ ಯಾವುದರಿಂದ ದೂರ ಸರಿಯುವ ಅವಕಾಶವಿತ್ತು? ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂಲಿ ಕಳೆದುಕೊಂಡು ಸಿಕ್ಕಿಬಿದ್ದಿದ್ದರೆ ಅವನ ಆತಂಕವೂ ಅವಳದೇ. ಆಳಂದ, ಬಸವಕಲ್ಯಾಣ, ಭಾಲ್ಕಿಗೆ ಕೊಟ್ಟ ಹೆಣ್ಣುಮಕ್ಕಳ ಮುಖ ನೋಡಲು ನಡುವೆ ಚೆಕ್‌ಪೋಸ್ಟು ಎದ್ದಿತು. 2021ರ ಫೆಬ್ರವರಿಯಿಂದ ಮಹಾರಾಷ್ಟ್ರದಿಂದ ಬರುವವರು ಆರ್‌ಟಿ-ಪಿಸಿಆರ್ ವರದಿ ತರಬೇಕೆಂದು ಕರ್ನಾಟಕ ಹೇಳಿತು. ಹತ್ತಿರದ ನಾಲ್ಕು ಜನರೇ ಹಿರಿಯ ಮನಸ್ಸಿನ ಔಷಧಿ ಎಂದಾದರೆ, ಆ ಔಷಧಿ ಗಡಿಯಾಚೆ ಉಳಿಯಿತು.

ಹತ್ತಿರದವರಿಂದ ದೂರವಾದ ಹಿರಿಯರ ಪಾಡನ್ನು ಹಾಂಕಾಂಗ್ 2003ರಲ್ಲೇ ಕಂಡಿತ್ತು. ಸಾರ್ಸ್ ಹಬ್ಬಿದ ಆ ವರ್ಷ ಅಲ್ಲಿ 65 ದಾಟಿದವರ ಆತ್ಮಹತ್ಯೆ ಹೆಚ್ಚಿತು. ಒಂಟಿತನ, ಮನೆಯವರಿಗೆ ಹೊರೆಯಾಗುವ ಭಯ ಅದರ ಹಿಂದಿದ್ದವು.

ಹಾಗಾದರೆ ಬರ, ಭೂಕಂಪ ದಾಟಿದ ಅನುಭವಕ್ಕೆ ಏನೂ ಬೆಲೆಯಿಲ್ಲವೇ? ಇದೆ, ಆದರೆ ಷರತ್ತಿನೊಂದಿಗೆ. ಸುಧಾರಿಸಿಕೊಳ್ಳಲು ಆಸರೆ ಸಿಕ್ಕ ಕಷ್ಟ ಮುಂದಿನ ಕಷ್ಟಕ್ಕೆ ಧೈರ್ಯವಾಗುತ್ತದೆ. ಆಸರೆ ಸಿಗದ್ದು ಗಾಯವಾಗಿಯೇ ಉಳಿಯುತ್ತದೆ. ಕಿಲ್ಲಾರಿಯ ಭೂಕಂಪವಾದ ತಿಂಗಳೊಳಗೆ ಬದುಕುಳಿದವರನ್ನು ಪರೀಕ್ಷಿಸಿದ ಮನೋವೈದ್ಯರು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮಾನಸಿಕ ಕಾಯಿಲೆ ಗುರುತಿಸಿದ್ದರು. ಅಂದು ಉಳಿದುಕೊಂಡವರೆಲ್ಲ ಗಟ್ಟಿಯಾದರು ಎನ್ನಲು ಬಾರದು.

ಕೆನಡಾ-ಅಮೆರಿಕದ ಅಧ್ಯಯನದ ಇನ್ನೊಂದು ಫಲಿತಾಂಶ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮುಖ ನೋಡದೆ, ದೂರದಿಂದಲೇ ಆಡಿದ ಒಳ್ಳೆಯ ಮಾತು ಕೂಡ ಆ ದಿನದ ಮನಸ್ಸನ್ನು ಹಗುರ ಮಾಡಿತ್ತು, ವಯಸ್ಸು ಯಾವುದೇ ಇರಲಿ. ಫೋನಿನ ಮಾತು ತಮ್ಮ ಭಾಷೆಯಲ್ಲಿ ಇರಬೇಕಷ್ಟೆ. ಉಮರ್ಗಾ, ಉದ್ಗೀರದ ಎಷ್ಟೋ ಆಯಿಯರು ದವಾಖಾನೆಯಲ್ಲಿ ಮರಾಠಿ ಆಡಿದರೂ ದುಃಖ ಹೇಳಿಕೊಳ್ಳುವುದು ಕನ್ನಡದಲ್ಲಿ. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಕರೆ ಮಾಡಿದವರು ತಮಗೆ ಬೇಕಾದ ಭಾಷೆ ಆರಿಸಿಕೊಳ್ಳಬಹುದು. ಮರಾಠಿಯೂ ಉಂಟು, ಕನ್ನಡವೂ ಉಂಟು.