ಮುದಿ ಬೆಕ್ಕು, ಕೀಲುನೋವು, ಲಿಟರ್ ಬಾಕ್ಸ್: ತಪ್ಪು ಕಲ್ಪನೆ ಯಾವುದು, ಸತ್ಯ ಯಾವುದು?

ವರ್ಷಗಟ್ಟಲೆ ಲಿಟರ್ ಬಾಕ್ಸಿನಲ್ಲೇ ಅಚ್ಚುಕಟ್ಟಾಗಿ ಉಚ್ಚೆ ಮಾಡುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಾಲೊರಸಿನ ಮೇಲೋ, ಬಚ್ಚಲಿನ ಮೂಲೆಯಲ್ಲೋ, ಬಾಕ್ಸಿನ ಪಕ್ಕದ ನೆಲದಲ್ಲೋ ಮಾಡತೊಡಗಿದರೆ ಮನೆಯವರು ಮೊದಲು ಹೇಳುವುದು ‘ಇದಕ್ಕೆ ಕೊಬ್ಬು’ ಅಂತ. ಬೈಗುಳ ಬೀಳುತ್ತದೆ, ಕೆಲವೊಮ್ಮೆ ಏಟೂ ಬೀಳುತ್ತದೆ. ಕೊನೆಗೆ ‘ಎಲ್ಲಾದರೂ ಬಿಟ್ಟು ಬರೋಣ’ ಎನ್ನುವವರೆಗೂ ಮಾತು ಹೋಗುತ್ತದೆ. ಇಂಥ ಎಷ್ಟೋ ಬೆಕ್ಕುಗಳ ನಿಜವಾದ ತೊಂದರೆ ಕೀಲುಗಳಲ್ಲಿರುತ್ತದೆ. ಬಾಕ್ಸಿಗೆ ಹತ್ತಿ ಇಳಿಯುವುದೇ ನೋವಾದಾಗ ಬೆಕ್ಕು ನೋವಿಲ್ಲದ ಜಾಗ ಹುಡುಕಿಕೊಳ್ಳುತ್ತದೆ. ಆಗ ನಾವು ತಿದ್ದಬೇಕಾದದ್ದು ಬಾಕ್ಸನ್ನು. ಇದು ತಿಳಿಯದಂತೆ ಅಡ್ಡ ಬರುವ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಬೆಕ್ಕಿಗೆ ಸಂಧಿವಾತ ಬರುವುದಿಲ್ಲ. ಬಂದಿದ್ದರೆ ಕುಂಟುತ್ತಿತ್ತು.

ಸತ್ಯ: ಬರುತ್ತದೆ, ವಯಸ್ಸಾದ ಬೆಕ್ಕುಗಳಲ್ಲಿ ಅದು ತೀರಾ ಸಾಮಾನ್ಯ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿ ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 90 ಬೆಕ್ಕುಗಳ ಕೀಲುಗಳಲ್ಲಿ ಸವೆತದ ಗುರುತು ಕಂಡಿತ್ತು. ಎಕ್ಸ್‌ರೇಯಲ್ಲಿ ಸವೆತ ಕಂಡ ಬೆಕ್ಕಿಗೆಲ್ಲ ಒಂದೇ ತೆರನಾದ ನೋವು ಇರಬೇಕೆಂದಿಲ್ಲ, ಆದರೆ ಹತ್ತು ದಾಟಿದ ಬೆಕ್ಕಿನ ವಿಷಯದಲ್ಲಿ ಕೀಲುನೋವಿನ ಅನುಮಾನ ಮೊದಲೇ ಬರಬೇಕು.

ಕುಂಟು ಕಾಣದಿರಲು ಕಾರಣವಿದೆ. ಬೆಕ್ಕಿನಲ್ಲಿ ಸವೆತ ಹೆಚ್ಚಾಗಿ ಎರಡೂ ಬದಿಯ ಕೀಲುಗಳಿಗೆ ತಗಲುತ್ತದೆ. ಎರಡು ಕಾಲೂ ನೋಯುವಾಗ ಯಾವುದರ ಮೇಲಿನ ಭಾರ ತಪ್ಪಿಸುವುದು? ಸಾಲದ್ದಕ್ಕೆ ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಆದ್ದರಿಂದ ನಡಿಗೆಗಿಂತ ದಿನಚರಿಯನ್ನು ಗಮನಿಸಿ. ಒಂದೇ ನೆಗೆತಕ್ಕೆ ಕಿಟಕಿ ಏರುತ್ತಿದ್ದದ್ದು ಈಗ ಕುರ್ಚಿಯ ಮೇಲಿಂದ ಹತ್ತುತ್ತದೆಯೇ? ಬೆನ್ನಿನ ಕೆಳಭಾಗದ ಕೂದಲನ್ನು ನೆಕ್ಕಿಕೊಳ್ಳದೆ ಅಲ್ಲಿ ಗಂಟು ಕಟ್ಟಿದೆಯೇ? ಉಗುರು ಬೆಳೆದು ನಡೆಯುವಾಗ ನೆಲಕ್ಕೆ ಟಕಟಕ ತಾಗುತ್ತಿದೆಯೇ? ಸೊಂಟ ಮುಟ್ಟಿದರೆ ಗುರ್ ಎನ್ನುತ್ತದೆಯೇ? ಇವೇ ಲಕ್ಷಣಗಳು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿ ಕೂರುವ ಬೆಕ್ಕಿನಲ್ಲಿ ಇವು ಕಾಣುವುದು ಕಷ್ಟ. ಮನೆಯಲ್ಲಿ ಅದು ಮೆಟ್ಟಿಲಿಳಿಯುವುದನ್ನು, ಬಾಕ್ಸಿಗೆ ಹೋಗಿ ಬರುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿದರೆ ತುಂಬಾ ಉಪಕಾರವಾಗುತ್ತದೆ.

ತಪ್ಪು ಕಲ್ಪನೆ: ಬೇಕೆಂದೇ ಹೊರಗೆ ಮಾಡುತ್ತದೆ. ಎರಡು ಬಿಟ್ಟರೆ ಸರಿಹೋಗುತ್ತದೆ.

ಸತ್ಯ: ಬಾಕ್ಸಿನ ಮುಂದೆ ನಿಂತ ಮುದಿ ಬೆಕ್ಕನ್ನು ಹತ್ತಿರದಿಂದ ನೋಡಿ. ಮುಂಗಾಲುಗಳನ್ನು ಅಂಚಿನ ಮೇಲಿಟ್ಟು ಅಲ್ಲೇ ತಡೆಯುತ್ತದೆ. ಒಂದು ಹಿಂಗಾಲು ಎತ್ತಿದಾಗ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಸೊಂಟ ವಾಲುತ್ತದೆ. ಒಳಗಿಳಿದರೆ ಕಾಲ ಕೆಳಗಿನ ಹರಳು ಜರುಗುತ್ತದೆ. ಕೆದಕಲು ಮುಂಗಾಲಿನ ಕೀಲು ಬಾಗಬೇಕು, ಕುಕ್ಕರಿಸಲು ಸೊಂಟ ಮತ್ತು ಮಂಡಿ ಪೂರ್ತಿ ಮಡಿಯಬೇಕು. ಮಲವಿಸರ್ಜನೆಗಾದರೆ ಹಾಗೇ ಇನ್ನಷ್ಟು ಹೊತ್ತು ಕೂತಿರಬೇಕು. ಪೂರ್ತಿ ಕೂರಲಾಗದ ಬೆಕ್ಕು ಅರ್ಧ ನಿಂತೇ ಉಚ್ಚೆ ಮಾಡುತ್ತದೆ, ಅದು ಅಂಚು ದಾಟಿ ಹೊರಗೆ ಬೀಳುತ್ತದೆ. ಮೈಯೆಲ್ಲ ಒಳಗಿದೆ ಎಂದುಕೊಂಡು ಮಾಡಿದರೂ ಹಿಂಭಾಗ ಹೊರಗೇ ಉಳಿದಿರುತ್ತದೆ. ನೋವಿಗೆ ಹೆದರಿ ಮಲ ತಡೆದುಕೊಂಡು ಮಲಬದ್ಧತೆಯನ್ನೂ ತಂದುಕೊಳ್ಳುತ್ತದೆ.

ಇಂಥ ಪ್ರಾಣಿಗೆ ಹೊಡೆದರೆ, ಮೂತಿಯನ್ನು ನೆಲಕ್ಕೆ ಉಜ್ಜಿದರೆ ಅದು ಕಲಿಯುವುದು ಒಂದೇ: ನಿಮ್ಮ ಭಯ. ಮುಂದಿನ ಸಲ ಮಂಚದಡಿಯಲ್ಲಿ, ನಿಮ್ಮ ಕಣ್ಣಿಗೆ ಬೀಳದ ಕಡೆ ಮಾಡುತ್ತದೆ.

ತಪ್ಪು ಕಲ್ಪನೆ: ಮುಚ್ಚಳವಿರುವ, ಎತ್ತರದ ಬಾಕ್ಸೇ ಒಳ್ಳೆಯದು. ವಾಸನೆಯೂ ಇಲ್ಲ, ಹರಳೂ ಚೆಲ್ಲುವುದಿಲ್ಲ.

ಸತ್ಯ: ಅದು ನಮಗೆ ಅನುಕೂಲ, ಕೀಲುನೋವಿನ ಬೆಕ್ಕಿಗೆ ಶಿಕ್ಷೆ. ಅದಕ್ಕೆ ಬೇಕಾದದ್ದು ತೆರೆದ, ಅಗಲವಾದ, ಒಂದು ಬದಿಯಲ್ಲಿ ತಗ್ಗಾದ ಬಾಕ್ಸು. ಮೂಗಿನಿಂದ ಬಾಲದ ಬುಡದವರೆಗೆ ಅಳೆದು, ಉದ್ದ ಅದರ ಒಂದೂವರೆ ಪಟ್ಟು ಇರಲಿ. ಆಗ ಬೆಕ್ಕು ಇಕ್ಕಟ್ಟಿಲ್ಲದೆ ತಿರುಗಬಹುದು. ಒಳಹೋಗುವ ಅಂಚು 5ರಿಂದ 7 ಸೆಂಟಿಮೀಟರ್ ದಾಟಬಾರದು. ಉಳಿದ ಮೂರು ಬದಿ ಎತ್ತರವಿದ್ದರೆ ನಿಂತು ಮಾಡಿದರೂ ಹೊರಗೆ ಸಿಡಿಯುವುದಿಲ್ಲ.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹಳೆ ಬಟ್ಟೆ ತುಂಬಿಡುವಂಥ ದೊಡ್ಡ ಪ್ಲಾಸ್ಟಿಕ್ ಬಾಕ್ಸ್ ತಂದು, ಒಂದು ಬದಿಯಲ್ಲಿ ಬಾಗಿಲಿನಷ್ಟು ಅಗಲಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ. ಕೊಯ್ದ ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ದಪ್ಪ ಟೇಪು ಸುತ್ತಿ. ಗ್ರಾನೈಟ್, ಟೈಲ್ಸ್ ನೆಲದಲ್ಲಿ ಹಿಂಗಾಲು ಜಾರದಂತೆ ಬಾಕ್ಸಿನ ಅಡಿಗೂ ಮುಂದಕ್ಕೂ ರಬ್ಬರ್ ಮ್ಯಾಟು ಹಾಸಿ. ಸಣ್ಣ ಕಣದ, ಸುವಾಸನೆ ಸೇರಿಸದ ಮಣ್ಣಿನ ಲಿಟರ್ ಪಾದಕ್ಕೆ ಮೆತ್ತಗಿರುತ್ತದೆ. ದಪ್ಪ ಗುಳಿಗೆ ಒತ್ತುತ್ತದೆ. ಮೂರ್ನಾಲ್ಕು ಸೆಂಟಿಮೀಟರ್ ಹಾಸಿದರೆ ಸಾಕು, ಹೆಚ್ಚು ಹಾಕಿದಷ್ಟೂ ಕಾಲು ಹೂತುಹೋಗುತ್ತದೆ. ಬೆಕ್ಕು ಹೊಸದನ್ನು ಒಪ್ಪುವವರೆಗೆ ಹಳೆಯ ಬಾಕ್ಸನ್ನು ತೆಗೆಯಬೇಡಿ, ಪಕ್ಕದಲ್ಲೇ ಇರಲಿ.

ಸಂಖ್ಯೆಯ ಲೆಕ್ಕ, ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು. ಮಹಡಿ ಮನೆಯಾದರೆ ಪ್ರತಿ ಮಹಡಿಗೂ ಒಂದು. ಮಲಗುವ ಜಾಗಕ್ಕೆ ಹತ್ತಿರ, ಊಟದ ತಟ್ಟೆಯಿಂದ ದೂರ. ರಾತ್ರಿ ಸಣ್ಣ ದೀಪವೊಂದು ಉರಿಯಲಿ. ದಿನಕ್ಕೆರಡು ಸಲ ಲಿಟರಿನಲ್ಲಿ ಕಟ್ಟಿದ ಗಂಟು ತೆಗೆಯಿರಿ. ಕೊಳಕು ತಪ್ಪಿಸಲು ಹೆಜ್ಜೆ ಎತ್ತಿ ಎತ್ತಿ ಇಡುವ ಶಕ್ತಿ ಅದಕ್ಕೀಗ ಇಲ್ಲ.

ತಪ್ಪು ಕಲ್ಪನೆ: ನಮ್ಮದು ಹಿತ್ತಲಿಗೆ ಹೋಗುವ ಬೆಕ್ಕು, ಅದಕ್ಕೆ ಬಾಕ್ಸ್ ಯಾಕೆ?

ಸತ್ಯ: ಕಾಂಪೌಂಡು ಹಾರುವ ಕಾಲ ಮುಗಿದ ಮೇಲೆ ಬೇಕು. ಮಳೆಗಾಲದಲ್ಲಿ ಒದ್ದೆ ಮಣ್ಣಿಗಿಳಿಯಲು ಮನಸ್ಸಿಲ್ಲದ, ಬೀದಿನಾಯಿ ಬಂದರೆ ಓಡಲಾಗದ ಬೆಕ್ಕಿಗೆ ಹಿತ್ತಲು ಅಪಾಯದ ಜಾಗ. ಒಳಗೊಂದು ತಗ್ಗು ಟ್ರೇ ಇಟ್ಟು, ಅದು ಇಷ್ಟು ದಿನ ಬಳಸಿದ ಹಿತ್ತಲ ಮಣ್ಣನ್ನೇ ಮೊದಲು ತುಂಬಿ. ಗುರುತಿನ ವಾಸನೆಗೆ ಬರುತ್ತದೆ. ಆಮೇಲೆ ಸ್ವಲ್ಪಸ್ವಲ್ಪವಾಗಿ ಲಿಟರ್ ಬೆರೆಸಿ.

ತಪ್ಪು ಕಲ್ಪನೆ: ನೋವಿಗೆ ನಮ್ಮ ಮಾತ್ರೆಯ ಒಂದು ಚೂರು ಕೊಟ್ಟರೆ, ನೀಲಗಿರಿ ಎಣ್ಣೆ ಹಚ್ಚಿದರೆ ಆಯಿತು.

ಸತ್ಯ: ದಯವಿಟ್ಟು ಬೇಡ. ಪ್ಯಾರಸಿಟಮಾಲ್‌ನಂಥ ಔಷಧವನ್ನು ನಿರಪಾಯಗೊಳಿಸಿ ಹೊರಹಾಕುವ ಒಂದು ಮುಖ್ಯ ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೆಲಸ ಮಾಡುವುದಿಲ್ಲ. 500 ಮಿಲಿಗ್ರಾಂ ಮಾತ್ರೆಯ ಅರ್ಧವೂ ಜೀವ ತೆಗೆಯಬಲ್ಲದು. ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದುತ್ತವೆ, ಉಸಿರು ಕಟ್ಟುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕಿಡ್ನಿಯನ್ನೂ ಹೊಟ್ಟೆಯನ್ನೂ ಕೆಡಿಸುತ್ತವೆ. ನೀಲಗಿರಿ ಎಣ್ಣೆ, ಕರ್ಪೂರ ಬೆರೆತ ಮುಲಾಮು ಹಚ್ಚಿದರೆ ಬೆಕ್ಕು ಅದನ್ನೆಲ್ಲ ನೆಕ್ಕಿ ನುಂಗುತ್ತದೆ.

ತಪ್ಪು ಕಲ್ಪನೆ: ಫಿನಾಯಿಲ್ ಹಾಕಿ ಒರೆಸಿದರೆ ಮತ್ತೆ ಅಲ್ಲಿ ಮಾಡುವುದಿಲ್ಲ.

ಸತ್ಯ: ಪ್ಯಾರಸಿಟಮಾಲ್ ಅರಗಿಸಲಾಗದ ಆ ಕೊರತೆಯಿಂದಲೇ ಫೀನಾಲ್ ಜಾತಿಯ ರಾಸಾಯನಿಕಗಳೂ ಬೆಕ್ಕಿಗೆ ವಿಷ. ಫಿನಾಯಿಲ್, ಡೆಟಾಲ್‌ನಂಥ ದ್ರವ ಪಾದಕ್ಕೆ ಅಂಟಿ, ನೆಕ್ಕಿದಾಗ ಒಳಸೇರುತ್ತದೆ. ಅಮೋನಿಯ ಇರುವ ಕ್ಲೀನರಂತೂ ಉಚ್ಚೆಯ ವಾಸನೆಯನ್ನೇ ಹೋಲುವುದರಿಂದ ಮತ್ತೆ ಅಲ್ಲಿಗೇ ಕರೆಯುತ್ತದೆ. ಸೋಪಿನ ನೀರಲ್ಲಿ ಒರೆಸಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ಕ್ಲೀನರ್ ಹಾಕಿ ನೆನೆಯಲು ಬಿಡಿ. ಬಾಕ್ಸನ್ನೂ ಸೋಪಿನಲ್ಲೇ ತೊಳೆದು ಬಿಸಿಲಿಗಿಡಿ.

ತಪ್ಪು ಕಲ್ಪನೆ: ವಯಸ್ಸಾಯಿತು, ಇನ್ನೇನು ಮಾಡಲಾದೀತು?

ಸತ್ಯ: ಸವೆದ ಕೀಲು ಮತ್ತೆ ಹೊಸದಾಗುವುದಿಲ್ಲ, ಆದರೆ ನೋವನ್ನು ಖಂಡಿತ ತಗ್ಗಿಸಬಹುದು. ದಪ್ಪ ಬೆಕ್ಕಿನ ತೂಕವನ್ನು ಡಾಕ್ಟರರ ಸಲಹೆಯಂತೆ ನಿಧಾನವಾಗಿ ಇಳಿಸಿದರೆ ಕೀಲಿನ ಮೇಲಿನ ಹೊರೆ ಇಳಿಯುತ್ತದೆ. ಮೆಲಾಕ್ಸಿಕಾಮ್‌ನಂಥ ಔಷಧವನ್ನು ಕಿಡ್ನಿ ಪರೀಕ್ಷಿಸಿ, ತೂಕ ನೋಡಿ, ತೀರಾ ಸಣ್ಣ ಪ್ರಮಾಣದಲ್ಲಿ ಪಶುವೈದ್ಯರು ಮಾತ್ರ ಕೊಡಬೇಕು. ಬೆಕ್ಕಿನ ಸಂಧಿವಾತದ ನೋವಿಗೆಂದೇ ತಯಾರಾದ, ತಿಂಗಳಿಗೊಮ್ಮೆ ಕೊಡುವ ಫ್ರುನೆವೆಟ್‌ಮ್ಯಾಬ್ ಚುಚ್ಚುಮದ್ದಿಗೆ 2022ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮುದಿ ಬೆಕ್ಕಿನ ನೋವನ್ನು ವೈದ್ಯಲೋಕ ಅಷ್ಟು ಗಂಭೀರವಾಗಿ ತೆಗೆದುಕೊಂಡಿರುವಾಗ ನಾವು ‘ವಯಸ್ಸು’ ಎಂದು ಕೈಚೆಲ್ಲುವುದು ಸರಿಯಲ್ಲ.

ಒಂದು ಎಚ್ಚರಿಕೆ. ಬಾಕ್ಸ್ ಬಿಟ್ಟ ಬೆಕ್ಕಿಗೆಲ್ಲ ಕೀಲುನೋವೇ ಎಂದುಕೊಳ್ಳಬೇಡಿ. ಕಿಡ್ನಿ ಕಾಯಿಲೆ, ಸಕ್ಕರೆ ಕಾಯಿಲೆ, ಮೂತ್ರಕೋಶದ ಉರಿಯೂತ ಇದ್ದಾಗಲೂ ಹೀಗಾಗುತ್ತದೆ. ಎಷ್ಟೋ ಮುದಿ ಬೆಕ್ಕುಗಳಿಗೆ ಕೀಲುನೋವು, ಕಿಡ್ನಿ ತೊಂದರೆ ಎರಡೂ ಒಟ್ಟಿಗಿರುತ್ತವೆ: ಉಚ್ಚೆ ಪದೇ ಪದೇ ಬರುತ್ತದೆ, ಬಾಕ್ಸು ಮುಟ್ಟಲು ಕಾಲು ಸಾಗುವುದಿಲ್ಲ. ಆದ್ದರಿಂದ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿದರೂ ಹನಿ ಉಚ್ಚೆ ಬಾರದಿದ್ದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಓಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು.

ಅಂಥ ತುರ್ತಿಲ್ಲದಿದ್ದರೆ ಇವತ್ತೇ ಟೇಪು ಹಿಡಿದು ನಿಮ್ಮ ಮನೆಯ ಬಾಕ್ಸಿನ ಅಂಚು ಅಳೆಯಿರಿ. 7 ಸೆಂಟಿಮೀಟರಿಗಿಂತ ಎತ್ತರವಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಲಿ, ಡಾಕ್ಟರರ ಬಳಿ ಹೋಗುವ ದಿನವನ್ನೂ ಇವತ್ತೇ ಗೊತ್ತುಮಾಡಿ.