ಶಿವಗಂಗೆಗೆ ಕಾಶಿಯಿಂದ ನೀರು ಬರುವುದಿಲ್ಲ

ಕುದೂರು, ಸೋಲೂರು, ಮಾಗಡಿ ಸೀಮೆಯಲ್ಲಿ ಶಿವಗಂಗೆ ಬೆಟ್ಟದ ಮಾತು ತೆಗೆದರೆ ಸಾಕು, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಬೆಟ್ಟದ ಪಾತಾಳಗಂಗೆಗೂ ಒಳಕಲ್ಲು ತೀರ್ಥಕ್ಕೂ ಕಾಶಿಯ ಗಂಗೆ ನೆಲದಡಿಯಲ್ಲಿ ಗುಪ್ತವಾಗಿ ಹರಿದು ಬರುತ್ತಾಳೆ ಎಂದು. ಹೆಸರಲ್ಲೇ ಗಂಗೆ ಇದ್ದಾಳಲ್ಲ, ಇನ್ನೇನು ಸಾಕ್ಷಿ ಬೇಕು ಎನ್ನುತ್ತಾರೆ. ಓದಿದವರೇ ಮಕ್ಕಳಿಗೆ ಇದನ್ನು ನಿಜವೆಂದು ಹೇಳಿಕೊಡುವಾಗ ಸುಮ್ಮನಿರುವುದು ಕಷ್ಟ.

ಕಾಶಿ ಸಮುದ್ರಮಟ್ಟದಿಂದ 300 ಅಡಿಯೂ ಎತ್ತರದಲ್ಲಿಲ್ಲ. ಶಿವಗಂಗೆಯ ನೆತ್ತಿ ಸುಮಾರು 4,500 ಅಡಿ ಎತ್ತರದಲ್ಲಿದೆ. ನಡುವೆ ನರ್ಮದಾ, ಗೋದಾವರಿ, ಕೃಷ್ಣಾ ಕಣಿವೆಗಳಿವೆ. ಇಷ್ಟನ್ನೂ ದಾಟಿ, ನಾಲ್ಕು ಸಾವಿರ ಅಡಿ ಮೇಲೇರಿ, ಯಾವ ನೀರು ಬಂದೀತು? ಅಂಥದ್ದೊಂದು ಹರಿವು ಕೆಳಗಿದ್ದಿದ್ದರೆ ಈ ಸುತ್ತಿನ ರೈತರು ಸಾವಿರ ಅಡಿ ಬೋರ್ ಕೊರೆಸಿ, ಬರೀ ಕಲ್ಲುಪುಡಿ ಕಂಡು, ಸಾಲ ಹೊತ್ತು ಕೂರುತ್ತಿರಲಿಲ್ಲ.

ಬೆಟ್ಟದ ನೀರು ಬೆಟ್ಟದ ಮೇಲೆ ಬಿದ್ದ ಮಳೆಯದ್ದೇ. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಗಟ್ಟಿಬಂಡೆಯ ಮೈಯಲ್ಲಿ ನೀರು ಇಂಗದು, ಸೀಳು ಬಿರುಕುಗಳಲ್ಲಿ ಇಳಿದು ನಿಲ್ಲುತ್ತದೆ, ಮೆಲ್ಲಗೆ ಜಿನುಗುತ್ತದೆ. ನಮ್ಮ ಕಡೆ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಸಂಕ್ರಾಂತಿಯ ಹೊತ್ತಿಗೆ ಆ ಸೀಳುಗಳಲ್ಲಿ ನೀರಿರುವುದು ಪವಾಡವಲ್ಲ, ಸಹಜ. ಒಳಕಲ್ಲಿನ ಕುಳಿಗೆ ಕೈ ಇಳಿಬಿಟ್ಟಾಗ ನೀರು ಸಿಕ್ಕರೆ ಪುಣ್ಯವಂತರು, ಸಿಗದಿದ್ದರೆ ಪಾಪಿಗಳು ಎಂಬ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಸಿಗುವುದು ಬಿಡುವುದು ತೋಳಿನ ಉದ್ದಕ್ಕೂ ಆ ದಿನದ ನೀರಿನ ಮಟ್ಟಕ್ಕೂ ಸೇರಿದ್ದು. ಅಷ್ಟು ಮೆಟ್ಟಿಲು ಹತ್ತಿ ಬಂದ ಮುದುಕಿಯೊಬ್ಬಳನ್ನು ಪಾಪಿ ಎನ್ನಿಸಿ ಕಳಿಸುವುದು ಭಕ್ತಿಯಲ್ಲ.

ಇಂಥ ನಂಬಿಕೆಗಳು ಇನ್ನೂ ಇವೆ. ಬೆಟ್ಟದ ಗಂಗಾಧರೇಶ್ವರನ ಗುಡಿಯಿಂದ ಬೆಂಗಳೂರಿನ ಗವಿಪುರಕ್ಕೆ ಸುರಂಗವಿದೆಯಂತೆ. ಸುಮಾರು 50 ಕಿಲೋಮೀಟರ್ ಗಟ್ಟಿಕಲ್ಲನ್ನು ಗಾಳಿಯಿಲ್ಲದೆ ಕೊರೆದವರು ಯಾರೂ ಇಲ್ಲ. ಬೆಂಗಳೂರಿಗೆ ಹೆಸರು ಬಂದದ್ದು ಬೆಂದಕಾಳೂರಿನಿಂದ ಎನ್ನುತ್ತಾರೆ. ಆದರೆ ಆ ಕಥೆಯ ವೀರಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಆಸುಪಾಸಿನ ಬೇಗೂರು ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ. ರಾಮನಗರವೂ, ಹಲವರು ಅಂದುಕೊಂಡಂತೆ, ಪುರಾಣಕಾಲದ ಹೆಸರಲ್ಲ. ಟಿಪ್ಪುವಿನ ಕಾಲಕ್ಕೆ ಅದು ಶಂಶೇರಾಬಾದ್, ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದಾಗಿ ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಈ ಬೆಟ್ಟಗಳ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ನದಿಗಳ ವಿಷಯದಲ್ಲೂ ಇದೇ ಗೊಂದಲ: ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ, ಶಿಂಷಾ ದೇವರಾಯನದುರ್ಗದಲ್ಲಿ. ಶಿಕಾರಿಪುರದ ಕಡೆಯ ಕುಮುದ್ವತಿ ನದಿಯೇ ಬೇರೆ, ನಮ್ಮ ಕುಮುದ್ವತಿಯೇ ಬೇರೆ.

ನಮ್ಮ ಕುಮುದ್ವತಿ ಶಿವಗಂಗೆಯ ಮಗಳು. ನೆಲಮಂಗಲ, ಮಾಗಡಿ ತಾಲ್ಲೂಕುಗಳ ಕೆರೆಗಳನ್ನು ಒಂದಾದ ಮೇಲೊಂದು ತುಂಬಿ, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಸೇರುತ್ತಿದ್ದಳು. ಆ ಸಂಗಮದಲ್ಲಿ 1933ರಲ್ಲಿ ಕಟ್ಟಿದ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಮುಂದೆ ಒಳಹರಿವು ಕುಸಿಯಿತು. ಜಲಾನಯನ ಪ್ರದೇಶ ಉಳಿಸಲೆಂದು 2003ರಲ್ಲಿ ಸರ್ಕಾರ ವಲಯಗಳನ್ನು ಗುರುತಿಸಿ ಆದೇಶ ಹೊರಡಿಸಿತು. ಆದರೂ ನದಿ ಮತ್ತೆ ಹಿಂದಿನಂತಾಗಲಿಲ್ಲ. ನೀಲಗಿರಿ ತೋಪು, ಲೆಕ್ಕವಿಲ್ಲದ ಬೋರ್‌ವೆಲ್, ಮುಚ್ಚಿದ ಕಾಲುವೆ, ಹೂಳು ತುಂಬಿದ ಕೆರೆ, ಇವು ಸೇರಿ ಅವಳನ್ನು ಒಣಗಿಸಿದವು.

ಕೇಳಿದ್ದನ್ನೆಲ್ಲ ನಂಬುವುದರ ನಷ್ಟ ಇಲ್ಲಿದೆ. ನೀರು ಕಾಶಿಯಿಂದ ತಾನಾಗಿ ಬರುತ್ತದೆ ಎಂದು ನಂಬಿದವರಿಗೆ ಕೆಳಗಿನ ಹಳ್ಳ ಉಳಿಸಬೇಕೆಂದು ಹೇಗೆ ತೋಚೀತು? ಕಣ್ಣಿಗೆ ಕಾಣದ ಗಂಗೆಗೆ ಕೈಮುಗಿಯುವ ನಾವು, ಕಣ್ಣೆದುರಿನ ಕುಮುದ್ವತಿಯ ಹೆಸರನ್ನೂ ಮಕ್ಕಳಿಗೆ ಕಲಿಸಿಲ್ಲ.

ತೀರ್ಥ ತನ್ನಿ, ಬೇಡವೆನ್ನುವುದಿಲ್ಲ. ಜೊತೆಗೆ ನಿಮ್ಮೂರಿನ ಗ್ರಾಮನಕ್ಷೆ ತೆಗೆಸಿ, ಅದರಲ್ಲಿ ಗೆರೆ ಹಾಕಿರುವ ಹಳ್ಳ, ಕಾಲುವೆ, ಕೆರೆಕೋಡಿಗಳು ನೆಲದ ಮೇಲೆ ಇವೆಯೇ ನೋಡಿ. ಇಲ್ಲವಾಗಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.